ಪರದೆ ಆರಿಸಿ ಕಲಿಸುವ ರಾಜೀಮತಿ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೆಳಕು ಇನ್ನೂ ಮೂಡಿಲ್ಲ. ಹಾಲಿನವನ ಸೈಕಲ್ ಗಂಟೆ ಒಂದು ಸಲ ಕೇಳಿ ದೂರವಾಗುತ್ತದೆ. ಹೆಂಚಿನ ಮನೆಯೊಂದರ ನಡುಮನೆಯಲ್ಲಿ ಚಾಪೆಯ ಮೇಲೆ ಕೂತ ಹೆಂಗಸೊಬ್ಬರು ಗೋಡೆ ತಡವಿ ಪ್ಲಗ್ಗಿಗೆ ಪಿನ್ನು ಸಿಕ್ಕಿಸುತ್ತಾರೆ. ತಂತಿಯ ಇನ್ನೊಂದು ತುದಿಗೆ ಹಳೆಯದೊಂದು ಲ್ಯಾಪ್‌ಟಾಪು. ಅದರ ತಳಕ್ಕೆ ಅಂಗೈಯಿಟ್ಟು, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ಕಾಯುತ್ತಾರೆ. ಬೆಚ್ಚಗಾಗತೊಡಗಿದೆ. ಅಂದರೆ ಕರೆಂಟು ಇದೆ.

“ಎಷ್ಟಾಯ್ತೇ?” ಒಲೆಯ ಹತ್ತಿರದಿಂದ ತಾಯಿ ಕೇಳುತ್ತಾರೆ.

ರಾಜೀಮತಿ ಇಯರ್‌ಫೋನ್ ಸಿಕ್ಕಿಸಿಕೊಂಡು ಎರಡು ಕೀ ಒತ್ತುತ್ತಾರೆ. ಮೂಗಿನಲ್ಲಿ ಮಾತಾಡುವಂಥ ಗಂಡುದನಿಯೊಂದು, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಎತ್ತಿಡುತ್ತ, ಬ್ಯಾಟರಿ ಎಷ್ಟು ತುಂಬಿದೆಯೆಂದು ಹೇಳುತ್ತದೆ.

“ಮುಕ್ಕಾಲು ಆಗಿದೆ ಕಣಮ್ಮ.”

“ಆರ್ ಗಂಟೆಗೆ ತೆಗೆದ್ಬಿಡ್ತಾನೆ. ಅಷ್ಟರೊಳಗೆ ತುಂಬ್ಕೊಳುತ್ತಾ?”

“ತುಂಬ್ಕೊಂಡ್ರೆ ಇವತ್ತು ಮೂರು ಮನೆ. ಇಲ್ದಿದ್ರೆ ಎರಡೇ.”

ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಕೊಡ ಹಿಡಿದು ನಿಲ್ಲುವವರಂತೆ, ತಾಯಿ ಮಗಳು ಇಬ್ಬರೂ ಕರೆಂಟು ಇರುವ ಹೊತ್ತನ್ನು ಹೀಗೆ ತುಂಬಿಕೊಳ್ಳುತ್ತಾರೆ. ರಾಜೀಮತಿಗೆ ಈಗ ನಲವತ್ಮೂರು. ಎರಡೂ ಕಣ್ಣು ಕಾಣುವುದಿಲ್ಲ. ಕಣ್ಣು ಕಾಣದವರ ಮನೆಗಳಿಗೆ ಹೋಗಿ ಕಂಪ್ಯೂಟರ್ ಕಲಿಸುವುದು ಅವರ ಕೆಲಸ. ಹಾಸನದ ಪುಟ್ಟ ಸೇವಾ ಸಂಸ್ಥೆಯೊಂದು ಗೌರವಧನ ಕೊಡುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಹಂಚಿಹೋದ ಹನ್ನೊಂದು ಜನ ಶಿಷ್ಯರು. ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡವರಿದ್ದಾರೆ, ಹುಟ್ಟಿನಿಂದಲೇ ಕಾಣದವರಿದ್ದಾರೆ. ಯಾರ ಮನೆಯಲ್ಲೂ ಕಂಪ್ಯೂಟರ್ ಇಲ್ಲ. ಹನ್ನೊಂದು ಜನಕ್ಕೂ ಇರುವುದು ಇದೊಂದೇ, ರಾಜೀಮತಿ ಹೆಗಲಿಗೆ ಹಾಕಿಕೊಂಡು ತರುವ ಈ ಲ್ಯಾಪ್‌ಟಾಪು. ಅವರು ಹೋಗುವ ಊರುಗಳಲ್ಲಿ ಲೋಡ್ ಶೆಡ್ಡಿಂಗ್ ಯಾವಾಗ ಮುಗಿಯುತ್ತದೆಂದು ಯಾರೂ ಹೇಳಲಾರರು. ಹಾಗಾಗಿ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೋ ಅಷ್ಟು ಹೊತ್ತು ಪಾಠ.

ಬೆಳಕು ಹರಿಯುವಾಗ ಹೊಳೆನರಸೀಪುರದ ಬಸ್ಸು ಹೊರಡುತ್ತದೆ. ಕಂಡಕ್ಟರ್ ದೊಡ್ಡಯ್ಯ ಬಾಗಿಲ ಪಕ್ಕದ ಸೀಟನ್ನು ಟವೆಲ್ ಹಾಕಿ ಕಾದಿಟ್ಟಿರುತ್ತಾರೆ. “ಬಾ ಕಣವ್ವಾ, ಆ ಪೆಟ್ಗೆ ಇತ್ಲಾಗ್ ಕೊಡು, ನೀನ್ ಬಸ್ ಅತ್ತು ಮದ್ಲು” ಎನ್ನುತ್ತಾರೆ. ಪೆಟ್ಟಿಗೆಯನ್ನು ರಾಜೀಮತಿ ಕೊಡುವುದಿಲ್ಲ. ದೊಡ್ಡಯ್ಯ ಕೇಳುವುದನ್ನು ಬಿಡುವುದಿಲ್ಲ.

ಶ್ರವಣಬೆಳಗೊಳದ ಪಕ್ಕದ ಹಳ್ಳಿಯ ಜೈನ ಮನೆತನ ರಾಜೀಮತಿಯದು. ಅಪ್ಪ ತೀರಿಕೊಂಡ ಮೇಲೆ, ಹತ್ತೊಂಬತ್ತನೇ ವಯಸ್ಸಿಗೆ, ಚನ್ನರಾಯಪಟ್ಟಣದ ಅಚ್ಚುಕೂಟವೊಂದಕ್ಕೆ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದರು. ಸೀಸದ ಒಂದೊಂದು ಅಕ್ಷರವನ್ನೂ ಮರದ ಖಾನೆಗಳಿಂದ ಹೆಕ್ಕಿ ಸಾಲಾಗಿ ನಿಲ್ಲಿಸುವ ಕೆಲಸ ಅದು. ಲಗ್ನಪತ್ರಿಕೆ, ಸಹಕಾರ ಸಂಘದ ರಸೀದಿ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ಲು, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವೂ ಅವರ ಬೆರಳ ಮೇಲೆ ಹಾದು ಹೋದವು. ಯಾವ ಅಕ್ಷರ ಯಾವ ಖಾನೆಯಲ್ಲಿದೆ ಎಂದು ಒಂದು ವರ್ಷದಲ್ಲೇ ಕೈಗೆ ಗೊತ್ತಾಯಿತು. ಮೊಳೆಯ ಮೈಮೇಲಿನ ಗೀರು ಸವರಿದರೆ ತಲೆ ಯಾವುದು ಕಾಲು ಯಾವುದು ಎನ್ನುವುದೂ ಗೊತ್ತಾಗುತ್ತಿತ್ತು.

ತೊಂಬತ್ತಮೂರರ ಸುಮಾರಿಗೆ, ಸಂಜೆ ಹೊತ್ತು ಕೆಲಸ ಮುಗಿಸಿ ಹೋಗುವಾಗ ಚರಂಡಿಗೆ ಕಾಲಿಡುವುದು ಶುರುವಾಯಿತು. ಮುಸ್ಸಂಜೆಯಲ್ಲಿ ಎದುರು ಬಂದವರು ಕಾಣುತ್ತಿರಲಿಲ್ಲ. ಕಣ್ಣಿನ ಹಿಂಬದಿಯ ಪರದೆ ಒಣಗುತ್ತಿದೆ, ಔಷಧಿಯಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದರು. ನೋಡಲು ಬಂದಿದ್ದ ಸಂಬಂಧವೊಂದು ಸದ್ದಿಲ್ಲದೆ ಹಿಂದೆ ಸರಿಯಿತು. ತೊಂಬತ್ತೊಂಬತ್ತರ ಹೊತ್ತಿಗೆ ಹಗಲೂ ಮಬ್ಬಾಗಿ, ಆಮೇಲೆ ಅದೂ ಉಳಿಯಲಿಲ್ಲ. ಅಷ್ಟಾದರೂ ಮೂರು ವರ್ಷ ಮೊಳೆ ಜೋಡಿಸಿದರು. ಜೊತೆಗೆಲಸದ ಮಾದಮ್ಮ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು, ಇವರ ಕೈ ಖಾನೆಗಳ ಮೇಲೆ ಓಡಾಡುತ್ತಿತ್ತು.

ಎರಡು ಸಾವಿರದ ಎರಡರಲ್ಲಿ ಅಚ್ಚುಕೂಟ ಮುಚ್ಚಿತು. ಎದುರುಗಡೆಯೇ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ಬಂದಿತ್ತು. ಮಾಲೀಕರು ಮೊಳೆಗಳನ್ನೆಲ್ಲ ಗುಜರಿಗೆ ಹಾಕಿದರು.

“ಕೊನೇ ದಿನ, ಒಂದೇ ಒಂದ್ ಸಲ ಕೈಯಿಟ್ಟು ನೋಡ್ತೀನಿ ಅಂದೆ. ಅಷ್ಟೊತ್ತಿಗೆ ತುಂಬ್ಕೊಂಡು ಹೋಗ್ಬಿಟ್ಟಿದ್ರು. ಆದ್ರೂ ಒಂದೊಂದ್ ಖಾನೆಗೂ ಬೆರಳಿಟ್ಟೆ. ‘ಕ’ ಇಲ್ಲ. ‘ಮ’ ಇಲ್ಲ. ‘ಳ’ ಒಂದ್ ಮೂಲೇಲಿ ಇರೋದು, ಅದೂ ಇಲ್ಲ. ಕಣ್ಣು ಹೋದಾಗ ಅತ್ತಿದ್ದೆ. ಆವತ್ತು ಅತ್ತಷ್ಟು ಅತ್ತಿರಲಿಲ್ಲ” ಎನ್ನುತ್ತಾರೆ ರಾಜೀಮತಿ. ಬಸ್ಸಿನ ಕಿಟಕಿಯಿಂದ ಬರುವ ಗಾಳಿಗೆ ಮುಖವೊಡ್ಡುತ್ತಾರೆ.

ಆಮೇಲಿನ ಮೂರು ವರ್ಷ ಅಕ್ಷರದ ಗಾಳಿಯೇ ಸೋಕಲಿಲ್ಲ. ಮನೆಗೆ ಬಂದ ಸಾಮಾನು ಕಟ್ಟಿದ ಪೇಪರನ್ನು ಸವರುತ್ತ ಕೂತಿರುತ್ತಿದ್ದರಂತೆ. ಅಚ್ಚಾದ ಅಕ್ಷರ ಬೆರಳಿಗೆ ಸಿಕ್ಕುವುದಿಲ್ಲವೆಂದು ಅವರಷ್ಟು ಬಲ್ಲವರು ಯಾರು? ಗೊತ್ತಿದ್ದೂ ಸವರುತ್ತಿದ್ದರು. ತಾಯಿಯೇ ಒಂದು ದಿನ ಹಾಸನದ ಸಂಸ್ಥೆಗೆ ಕರೆದುಕೊಂಡು ಹೋಗಿ ಬ್ರೈಲ್ ತರಗತಿಗೆ ಕೂರಿಸಿದರು. ಅಲ್ಲಿಗೆ ಬೆಂಗಳೂರಿನ ಕಂಪೆನಿಯೊಂದು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ದಾನ ಕೊಟ್ಟಾಗ ಒಂದು ಇವರ ಪಾಲಿಗೆ ಬಂತು.

ಮುಚ್ಚಿದ ಬಾಗಿಲಿನಂತಿದ್ದ ಆ ಯಂತ್ರವನ್ನು ತೆರೆದು ಕೊಟ್ಟವನು ಚಿಕ್ಕಪ್ಪನ ಮಗ ವಿಮಲ್. ಚನ್ನರಾಯಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ವಿಂಡೋಸಿಗೆ ಬೇಕೆಂದರೆ ಕೈಗೆಟುಕುವ ಬೆಲೆಯಲ್ಲ. ಅದಕ್ಕೆ ಆತ ವಿಂಡೋಸ್ ತೆಗೆದು, ಅದರ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿದ.

“ಓದೋ ದನಿ ಅದರ ಜೊತೇಲೇ ಬಿಟ್ಟಿ ಬರುತ್ತೆ, ಈಚೆಗೆ ಕನ್ನಡಾನೂ ಒಂಚೂರು ಓದುತ್ತೆ ಅಂತ ಕೇಳಿದ್ದೆ. ನಂಗೂ ಅದು ಹೊಸದೇ. ಅಕ್ಕಂಗೋಸ್ಕರ ಕಲಿತಿದ್ದು” ಎನ್ನುತ್ತಾನೆ ವಿಮಲ್.

ಅಂಗಡಿಯ ಸ್ಟೂಲಿನ ಮೇಲೆ ಕೂತು ರಾಜೀಮತಿ ಮೊದಲು ಒತ್ತಿದ್ದು ‘ಕ’. ಯಂತ್ರ ‘ಕ’ ಎಂದಿತು. ‘ಮ’ ಒತ್ತಿದರು. ‘ಮ’ ಎಂದಿತು. ರಾಜೀಮತಿ ಎದ್ದು ಗೋಡೆ ಹಿಡಿದುಕೊಂಡು ಅಂಗಡಿಯ ಹೊರಗೆ ಹೋಗಿ ನಿಂತರು. ದನಿ ಇಷ್ಟವಾಗಲಿಲ್ಲವೇನೋ ಎಂದುಕೊಂಡ ವಿಮಲ್, “ಅಕ್ಕಾ, ಬೇರೆ ದನಿ ಹುಡುಕ್ತೀನಿ ಬಾ” ಎಂದು ಹಿಂದೆಯೇ ಓಡಿದ್ದನಂತೆ.

ಸಂಕಟ ಶುರುವಾಗಿದ್ದು ಆಮೇಲೆ. ವಿಂಡೋಸ್ ಇದ್ದಾಗ ಎರಡು ಗಂಟೆ ಬರುತ್ತಿದ್ದ ಬ್ಯಾಟರಿ ಲಿನಕ್ಸ್ ಹಾಕಿದ ಮೇಲೆ ಒಂದು ಗಂಟೆಯೂ ಬಾರದಾಯಿತು. ದನಿಯಿರುವ ಕಡೆ ಬಾಳಿಕೆಯಿಲ್ಲ, ಬಾಳಿಕೆಯಿರುವ ಕಡೆ ದನಿಯಿಲ್ಲ. ಆ ಮಾಡೆಲಿನ ಹೊಸ ಬ್ಯಾಟರಿ ಹಾಸನದಲ್ಲಿ ಸಿಗಲಿಲ್ಲ. ಎಲ್ಲಿಂದಲೋ ತರಿಸಿದ ಡೂಪ್ಲಿಕೇಟು ತಿಂಗಳೊಳಗೆ ಊದಿಕೊಂಡಿತು.

ಹಳ್ಳಿಮೈಸೂರಿನ ಹತ್ತಿರದ ಊರೊಂದರಲ್ಲಿ ಚೆನ್ನಯ್ಯ ಎಂಬ ಹಿರಿಯರಿದ್ದಾರೆ. ಸಕ್ಕರೆ ಕಾಯಿಲೆ ಕಣ್ಣು ತಿಂದುಹಾಕಿದೆ. ವಾರಕ್ಕೊಂದು ದಿನ ರಾಜೀಮತಿ ಬರುತ್ತಾರೆಂದು ಬೆಳಿಗ್ಗೆಯೇ ಸ್ನಾನ ಮಾಡಿ ಜಗಲಿಯಲ್ಲಿ ಕೂತಿರುತ್ತಿದ್ದರು. ಒಂದು ದಿನ ಮೊದಲ ಮನೆಯಲ್ಲೇ ತಡವಾಗಿ, ಇವರಲ್ಲಿಗೆ ಬಂದು ಯಂತ್ರ ತೆರೆದರೆ ಐದು ನಿಮಿಷಕ್ಕೆ ದನಿ ನಿಂತುಹೋಯಿತು. ಚೆನ್ನಯ್ಯ ಕೀಲಿಗಳ ಮೇಲಿಟ್ಟ ಕೈ ತೆಗೆಯಲಿಲ್ಲ. “ಅಷ್ಟೇನಾ ಕಣವ್ವಾ? ಈಗ ತಾನೆ ಬಾಯ್ ಬುಡ್ತಲ್ಲಾ” ಎಂದರು. ವಾಪಸು ಬರುವ ದಾರಿಯುದ್ದಕ್ಕೂ ಆ ಮಾತು ರಾಜೀಮತಿಯ ಜೊತೆಯಲ್ಲೇ ಬಂತು.

ದಾರಿ ತೋರಿಸಿದ್ದು ಕಂಡಕ್ಟರ್ ದೊಡ್ಡಯ್ಯ, ಅದೂ ತಮಗೇ ಗೊತ್ತಿಲ್ಲದೆ. ಮೋಡ ಕವಿದ ಒಂದು ಸಂಜೆ ಬಸ್ಸಿನಲ್ಲಿ ರಾಜೀಮತಿ ಮರುದಿನದ ಪಾಠ ಟೈಪ್ ಮಾಡುತ್ತ ಕೂತಿದ್ದರು. ಟಿಕೆಟ್ ಮುಗಿಸಿ ಬಂದ ದೊಡ್ಡಯ್ಯ ಪಕ್ಕದಲ್ಲಿ ನಿಂತು ಕೇಳಿದರು: “ಅಲ್ಲ ಕಣವ್ವಾ, ನಿಂಗೆ ಕಾಣಾಕಿಲ್ಲ ಅಂತೀಯ. ಮತ್ಯಾಕೆ ಮಕದ್ ಮುಂದೆ ಇಂಗೆ ದೀಪ ಅಚ್ಕಂಡ್ ಕೂತಿದ್ದೀಯ?”

“ಯಾವ ದೀಪ?”

“ಅದೇ ಕಣವ್ವಾ, ಈ ಪೆಟ್ಗೇದು. ಬಸ್ಸಲ್ಲೆಲ್ಲಾ ಬೆಳಕು. ನಿನ್ ಮಕಾನೂ ಬೆಳ್ಳಗ್ ಕಾಣ್ತದೆ.”

ಒಂದು ವರ್ಷ ಆ ಪರದೆ ಅವರ ಮುಖದ ಮುಂದೆ ಉರಿದಿತ್ತು. ಅದಕ್ಕೆ ಬೆಳಕಿದೆಯೆಂಬುದೇ ಅವರ ನೆನಪಿನಿಂದ ಅಳಿಸಿಹೋಗಿತ್ತು. ಶಿಷ್ಯರಾರಿಗೂ ಕಾಣದು. ಕಾಣುವವರು ಯಾರೂ ಅದನ್ನೊಂದು ವಿಷಯವೆಂದು ಹೇಳಿರಲಿಲ್ಲ. ವಿಮಲ್‌ಗೂ ಹೊಳೆದಿರಲಿಲ್ಲ, ಪರದೆ ಹೊತ್ತಿರುವುದು ಅವನ ಕಣ್ಣಿಗೆ ಸಹಜ. “ನಗು ಬಂತು ಮೊದಲು. ಆಮೇಲೆ ಯಾಕೋ ಕೈಯೆತ್ತಿ ಪರದೆ ಮುಟ್ಟಿದೆ. ಬೆಚ್ಚಗಿತ್ತು. ಇಷ್ಟು ದಿನ ನನ್ ಮುಖದ ಮೇಲೆ ಬೆಳಕಿತ್ತಲ್ಲ, ನಂಗೊಂಚೂರಾದ್ರೂ ಗೊತ್ತಾಗಬಾರದಿತ್ತಾ ಅನ್ನಿಸ್ತು” ಎಂದು ರಾಜೀಮತಿ ನೆನೆಯುತ್ತಾರೆ. ಆವತ್ತು ಮನೆಗೆ ಹೋಗಿ, ಜೈನರ ಪದ್ಧತಿಯಂತೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕಿತ್ತು. ಆದರೂ ಬಸ್ಸಿಳಿದವರೇ ನೇರ ಹೋಗಿದ್ದು ವಿಮಲ್ ಅಂಗಡಿಗೆ. ಊಟ ತಪ್ಪಿತು.

ಬ್ಯಾಟರಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ತಿನ್ನುವುದು ಪರದೆ ಎಂದು ವಿಮಲ್ ಬಲ್ಲ. ಆರಿಸಿದ. ಆದರೆ ಯಾವ ಕೀ ಒತ್ತಿದರೂ ಅದು ಮತ್ತೆ ಹೊತ್ತಿಕೊಳ್ಳುತ್ತಿತ್ತು, ಹೊತ್ತಿಕೊಂಡಿದ್ದು ಅಕ್ಕನಿಗೆ ತಿಳಿಯುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಎಲ್ಲೆಲ್ಲೋ ಕೇಳಿ, ಅಕ್ಕ ಹೇಳುವ ತನಕ ಪರದೆ ಆರಿಯೇ ಇರುವಂತೆ ಮಾಡುವ ಆಜ್ಞೆಯೊಂದನ್ನು ಹುಡುಕಿದ. ಅಪ್ಪಿತಪ್ಪಿ ಹೊತ್ತಿಕೊಂಡರೆ ‘ಟಿಕ್’ ಎಂದು ಸದ್ದಾಗುವಂತೆ ಮಾಡಿಕೊಟ್ಟ. ಅಷ್ಟಕ್ಕೇ ಬ್ಯಾಟರಿ ಒಂದೂವರೆ ಗಂಟೆ ಬಂತು. ಚೆನ್ನಯ್ಯನವರ ಮನೆಗೆ ತಲುಪುವಾಗ ಇನ್ನೂ ಅರ್ಧ ಉಳಿದಿರುತ್ತಿತ್ತು.

ಅಲ್ಲಿಂದ ಭಾನುವಾರಗಳೆಲ್ಲ ಇದಕ್ಕೇ ಮೀಸಲಾದವು. ಯಾವ ಯಾವ ಕೆಲಸಕ್ಕೆ ಯಂತ್ರ ಸುಮ್ಮಸುಮ್ಮನೆ ಎಚ್ಚರಗೊಳ್ಳುತ್ತಿದೆ ಎಂದು ತೋರಿಸುವ ಸಾಧನವೊಂದು ಲಿನಕ್ಸಿನಲ್ಲಿದೆ. ವಿಮಲ್ ಅದರ ಪಟ್ಟಿ ಓದುತ್ತ ಹೋಗುವುದು, ರಾಜೀಮತಿ “ಬೇಕು”, “ಬೇಡ” ಎನ್ನುವುದು. ಸುತ್ತ ಎಲ್ಲೂ ಇಲ್ಲದ ವೈಫೈಯನ್ನು ಹುಡುಕುತ್ತಲೇ ಇರುವ ರೇಡಿಯೊ ಬೇಡ. ಬ್ಲೂಟೂತ್ ಬೇಡ. ಕಿಟಕಿಗಳಿಗೆ ನೆರಳು ಹಾಕುವ, ಚಿತ್ರ ಮಿನುಗಿಸುವ ಅಲಂಕಾರ ಬೇಡವೇ ಬೇಡ. ಸಿಡಿ ಹಾಕುವ ಡ್ರೈವನ್ನು ಕಿತ್ತೇಬಿಟ್ಟರು, ಹೆಗಲ ಭಾರವೂ ಇಳಿಯಿತು. ಪ್ರೊಸೆಸರಿನ ವೇಗವನ್ನು ತೀರಾ ತಗ್ಗಿಸಿದಾಗ ಓದುವ ದನಿ ತೊದಲತೊಡಗಿತು. ಇಬ್ಬರೂ ನಕ್ಕು ಸುಸ್ತಾಗಿ ಒಂದು ಮೆಟ್ಟಿಲು ಮೇಲಕ್ಕೇರಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಬ್ಯಾಟರಿ ಎರಡೂವರೆ ಗಂಟೆಗೆ ಬಂದು ನಿಂತಿತು. ಎರಡನೇ ಮನೆಗೇ ಸಾಲದಿದ್ದದ್ದು ಮೂರು ಮನೆಗೆ ಸಾಕಾಯಿತು.

ಸಾಕು ಎಂದುಕೊಳ್ಳಬಹುದಿತ್ತು. ಇಂಚರ ಬಿಡಲಿಲ್ಲ.

ಇಂಚರ ರಾಜೀಮತಿಯ ಶಿಷ್ಯೆ, ರಾಮನಾಥಪುರದ ಅರ್ಚಕರ ಮನೆಯ ಹುಡುಗಿ, ಹುಟ್ಟಿನಿಂದ ಕಣ್ಣಿಲ್ಲ. ಅರಕಲಗೂಡಿನ ಕಾಲೇಜೊಂದರಲ್ಲಿ ಪಿಯುಸಿ ಓದುತ್ತಿದ್ದಳು. ಇತಿಹಾಸವೆಂದರೆ ಪ್ರಾಣ. ಅಡುಗೆಮನೆಯಲ್ಲಿ ಅಮ್ಮನೆದುರು ಕೂತು ಗಂಟೆಗಟ್ಟಲೆ ಹೇಳಬಲ್ಲಳು. ಮೊದಲ ವರ್ಷದ ಪರೀಕ್ಷೆಯಲ್ಲಿ ಆಕೆ ಹೇಳಿದ್ದನ್ನು ಬರೆಯಲು ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕೂರಿಸಿದ್ದರು. ಇತಿಹಾಸದಲ್ಲಿ ಇಂಚರ ಬರೀ ಪಾಸಾದಳು. ಕೈ ನೋವೆಂದು ಆ ಹುಡುಗಿ ನಾಲ್ಕು ಮಾತನ್ನು ಒಂದು ಮಾತಾಗಿಸಿ ಬರೆದಿದ್ದಳು.

“ಅವಳನ್ನ ಬೈಯಲ್ಲ. ಅವಳೂ ಮಗೂನೇ” ಎನ್ನುತ್ತಾರೆ ಇಂಚರಳ ತಾಯಿ ಶ್ರೀಗೌರಿ. “ಆದರೆ ಇವಳು ಮೂರು ದಿನ ಬೇರೆ ಮಾತೇ ಆಡ್ಲಿಲ್ಲ. ನಾನು ಹೇಳಿದ್ದು ಎಲ್ಲಿ ಹೋಯ್ತಮ್ಮಾ ಅಂತ ಒಂದೇ ಸಮ ಕೇಳೋಳು.”

ಎರಡನೇ ವರ್ಷ ತಾನೇ ಕಂಪ್ಯೂಟರಿನಲ್ಲಿ ಬರೆಯುತ್ತೇನೆಂದು ಹಟ ಹಿಡಿದಳು. ಇತಿಹಾಸದ ಉಪನ್ಯಾಸಕ ಗಿರಿಧರ ಅವಳ ಪರ ನಿಂತು ಪ್ರಿನ್ಸಿಪಾಲರನ್ನು ಒಪ್ಪಿಸಿದರು. ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯನ್ನು ಹಾಗೆ ಬರೆಯಲಿ, ಸರಿಹೋದರೆ ಮುಖ್ಯ ಪರೀಕ್ಷೆಗೂ ಅನುಮತಿ ಕೇಳಿ ಬರೆಯೋಣ ಎಂದಾಯಿತು. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಪ್ಲಗ್ಗಿಲ್ಲ. ಇದ್ದರೂ ಬೆಳಗಿನ ಹೊತ್ತು ಕರೆಂಟಿರುವುದಿಲ್ಲ. ಯಂತ್ರ ನಿಂತರೆ ಅಲ್ಲಿಯವರೆಗೆ ಬರೆದದ್ದಕ್ಕೆ ಮಾತ್ರ ಅಂಕ. ಮೂರು ಗಂಟೆಯ ಪರೀಕ್ಷೆ, ಕಣ್ಣಿಲ್ಲದವರಿಗೆ ಇನ್ನೊಂದು ಗಂಟೆ ಹೆಚ್ಚು. ಒಟ್ಟು ನಾಲ್ಕು.

“ಎರಡೂವರೇನ ನಾಲ್ಕು ಮಾಡೋದು ಹೆಂಗಕ್ಕಾ?” ಎಂದ ವಿಮಲ್. ಆಮೇಲೆ ಅವನೇ ಸ್ಟೂಲು ಎಳೆದುಕೊಂಡು ಕೂತ.

ಉಳಿದಿದ್ದು ಯಂತ್ರದೊಳಗೆ ಸದಾ ತಿರುಗುವ ಹಾರ್ಡ್‌ಡಿಸ್ಕು. ಬರೆದದ್ದನ್ನು ಅದು ಗಳಿಗೆಗೊಮ್ಮೆ ಉಳಿಸಿಕೊಳ್ಳುತ್ತಿರುತ್ತದೆ, ಹಾಗಾಗಿ ಮಲಗುವುದೇ ಇಲ್ಲ. ಮಲಗಿಸಿದರೆ ಬ್ಯಾಟರಿ ಉಳಿಯುತ್ತದೆ. ಆದರೆ ಮಲಗಿದ್ದಾಗ ಬ್ಯಾಟರಿ ಸತ್ತರೆ ಕೊನೆಯಲ್ಲಿ ಬರೆದದ್ದು ಮಾಯ. ಹೇಳಿದ್ದು ಎಲ್ಲಿ ಹೋಯಿತೆಂದು ಕೇಳುತ್ತಿದ್ದ ಹುಡುಗಿಗೆ ಇನ್ನೊಂದು ಸಲ ಹಾಗಾಗುವುದು ರಾಜೀಮತಿಗೆ ಬೇಡವಾಗಿತ್ತು. ಇಂಚರ ಕೀ ಒತ್ತಿ ಹೇಳಿದಾಗ ಮಾತ್ರ ಡಿಸ್ಕು ಎದ್ದು ಬರೆದುಕೊಳ್ಳುವಂತೆ ಮಾಡಿಸಿದರು. ಇಂಚರಳ ಬಲಗೈಯನ್ನು ಯಂತ್ರದ ಅಂಚಿಗೆ ಇಟ್ಟು ಕಲಿಸಿದರು: “ಉಳಿಸು ಅಂದಾಗ ಒಳಗೆ ‘ಗುರ್’ ಅಂತ ಏಳುತ್ತೆ ನೋಡು. ಅದು ಬೆರಳಿಗೆ ಸಿಗೋ ತನಕ ಮುಂದಕ್ಕೆ ಹೋಗ್ಬೇಡ. ಒಂದ್ ಉತ್ತರ ಮುಗೀತು, ಒಂದ್ ಸಲ ಗುರ್. ಅಷ್ಟೆ.”

ಜನವರಿಯ ಬೆಳಗುಗಳಲ್ಲಿ ರಾಜೀಮತಿ ಪ್ಲಗ್ಗು ಕಿತ್ತು, ಪರೀಕ್ಷೆ ಬರೆಯುವವರಂತೆ ಒಂದೇ ಸಮ ಟೈಪ್ ಮಾಡಿ ನೋಡಿದರು. ಎಷ್ಟು ಮಾಡಿದರೂ ನಾಲ್ಕಕ್ಕೆ ಮುಟ್ಟಲಿಲ್ಲ. ಮೂರೂವರೆಯ ಆಚೀಚೆ ನಿಂತುಹೋಗುತ್ತಿತ್ತು. ಇಂಚರಳಿಗೆ ಸುಳ್ಳು ಹೇಳಲಿಲ್ಲ. “ಅರ್ಧ ಗಂಟೆ ಸಾಲದು ಕಣೇ. ನೀನೇ ಬೇಗ ಬರೀಬೇಕು” ಎಂದರು.

“ಸಾಲ್ದಿದ್ರೆ ನೋಡ್ಕೋತೀನಿ ಮಿಸ್” ಎಂದಳು ಅವಳು.

ಪರೀಕ್ಷೆಯ ದಿನ ರಾಜೀಮತಿಯನ್ನು ಕೊಠಡಿಯೊಳಗೆ ಬಿಡಲಿಲ್ಲ. ಕಾಲೇಜಿನ ಜಗಲಿಯ ಕಂಬಕ್ಕೆ ಒರಗಿ ಕೂತರು. ಮಡಿಲಲ್ಲಿ ಚಾರ್ಜರು ಇತ್ತು. ಅದರಿಂದ ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ ಯಾಕೋ ಕೈಯಲ್ಲಿ ಹಿಡಿದುಕೊಂಡಿದ್ದರು. ಗಂಟೆಗೊಮ್ಮೆ ಗಂಟೆ ಹೊಡೆಯುವುದು, ಹಾಳೆ ಮಗುಚುವ ಸದ್ದು, ಯಾರೋ ಕೆಮ್ಮುವುದು, ಅದರ ನಡುವೆ ಕೀಲಿಗಳ ಟಕಟಕ. ಮೂರನೆಯ ಗಂಟೆಗೆ ಮಕ್ಕಳೆಲ್ಲ ದಬದಬ ಹೊರಗೆ ಬಂದರು. ಗದ್ದಲ ಕರಗಿದ ಮೇಲೆ ಕೀಲಿಗಳ ಸದ್ದೊಂದೇ ಉಳಿಯಿತು. ರಾಜೀಮತಿಯ ಬೆರಳು ಚಾರ್ಜರಿನ ತಂತಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

ಸದ್ದು ನಿಂತಿತು. ನಿಂತಿದ್ದು ಅವಳೋ, ಯಂತ್ರವೋ? ಮತ್ತೆ ಟಕಟಕ ಕೇಳಿತು, ಈಗ ಮೊದಲಿಗಿಂತ ಜೋರು. ಆಮೇಲೆ ಪೂರ್ತಿ ಮೌನ.

ಹೊರಗೆ ಬಂದ ಇಂಚರ ಕೈಚಾಚಿ ಮಿಸ್ಸನ್ನು ಹುಡುಕಿ ಹಿಡಿದುಕೊಂಡಳು. “ಒಂದ್ ಪ್ರಶ್ನೆ ಬಾಕಿ ಇತ್ತು ಮಿಸ್. ಬ್ಯಾಟರಿ ಮುಗೀತಿದೆ ಮುಗೀತಿದೆ ಅಂತ ಅದು ಬಡ್ಕೊಳ್ಳೋಕೆ ಶುರು ಮಾಡ್ತು. ಆ ದನೀನೂ ಬ್ಯಾಟರಿ ತಿನ್ನುತ್ತೆ ಅಂತ ನೀವೇ ಹೇಳಿದ್ರಲ್ಲ, ಅದನ್ನ ಬಾಯ್ಮುಚ್ಚಿಸಿಬಿಟ್ಟೆ. ಕೊನೇ ಉತ್ತರ ಪೂರ್ತಿ ದನಿಯಿಲ್ಲದೇ ಬರೆದೆ. ಏನ್ ಬರೀತಿದ್ದೀನಿ ಅಂತ ನಂಗೇ ಕೇಳಿಸ್ತಿರಲಿಲ್ಲ. ಉಳಿಸು ಅಂದೆ. ಗುರ್ ಅಂತು. ಒಂದ್ ನಿಮಿಷ ಆಗಿರಬೇಕು, ತಣ್ಣಗಾಗ್ಬಿಡ್ತು.”

ಗಿರಿಧರ ಮಧ್ಯಾಹ್ನ ಕರೆಂಟು ಬಂದ ಮೇಲೆ ಉತ್ತರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಆಫೀಸಿನಲ್ಲಿ ಪ್ರಿಂಟು ತೆಗೆದರು. ಎಲ್ಲವೂ ಇತ್ತು. ಕೊನೆಯ ಉತ್ತರದಲ್ಲಿ ಮಾತ್ರ ಒತ್ತಕ್ಷರಗಳು ಅದಲುಬದಲು, ಎರಡು ಸಾಲು ಒಂದರೊಳಗೊಂದು ಹೊಕ್ಕಿದ್ದವು. ಅವರು ಓದಿ ಹೇಳಿದರು: “ಕೊನೇಲಿ ತುಂಬ ತಪ್ಪಿದೆಯಲ್ಲಮ್ಮಾ.”

“ಇರಲಿ ಸರ್” ಎಂದಳು ಇಂಚರ. “ಈ ಸಲ ತಪ್ಪೆಲ್ಲ ನಂದೇ.”

ಆ ಮಾತು ಹೇಳುವಾಗ ಅವಳ ದನಿಯಲ್ಲಿದ್ದ ಖುಷಿಯನ್ನು ರಾಜೀಮತಿ ಇಂದಿಗೂ ಯಾರಾದರೂ ಕೇಳಿದರೆ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

ಮುಖ್ಯ ಪರೀಕ್ಷೆಗೆ ಕೇಳಿದ ಅನುಮತಿಗೆ ಉತ್ತರ ಸಕಾಲಕ್ಕೆ ಬರಲಿಲ್ಲ. ಮಾರ್ಚಿನಲ್ಲಿ ಇಂಚರ ಮತ್ತೊಬ್ಬಳ ಕೈಯಿಂದಲೇ ಬರೆಸಬೇಕಾಯಿತು. ಈ ಸಲದ ಹುಡುಗಿ ಹೇಳಿದ್ದನ್ನೆಲ್ಲ ಬರೆದಳು. ಇಂಚರ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಈಗ ಅವಳು ಹೊಳೆನರಸೀಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬಿಎ ಮೊದಲ ವರ್ಷ ಓದುತ್ತಿದ್ದಾಳೆ. ಅಲ್ಲಿ ಕಾಲೇಜಿನೊಳಗಿನ ಕಿರುಪರೀಕ್ಷೆಗಳನ್ನು ಲ್ಯಾಪ್‌ಟಾಪಿನಲ್ಲಿ ಬರೆಯಲು ಬಿಟ್ಟಿದ್ದಾರೆ. ಆ ದಿನಗಳಲ್ಲಿ ರಾಜೀಮತಿ ಯಂತ್ರವನ್ನು ಅವಳಿಗೆ ಕೊಟ್ಟು, ಉಳಿದ ಶಿಷ್ಯರಿಗೆ ಬರಿಗೈಯಲ್ಲೇ ಪಾಠ ಮಾಡುತ್ತಾರೆ. ಹಲಗೆಯ ಮೇಲೆ ಕೀಲಿಗಳ ಜಾಗ ಗುರುತು ಮಾಡಿ, ದನಿಯ ಪಾತ್ರ ತಾವೇ ವಹಿಸುತ್ತಾರೆ. ಚೆನ್ನಯ್ಯನವರು ‘ಕ’ದ ಜಾಗ ಒತ್ತಿದರೆ ರಾಜೀಮತಿ ‘ಕ’ ಎನ್ನುತ್ತಾರೆ. “ನಿನ್ ದನೀನೇ ಚೆಂದಾಗದೆ, ಆ ಮೂಗ್ನೋನು ಬ್ಯಾಡ ಬುಡು” ಎಂದು ಚೆನ್ನಯ್ಯ ಹೇಳಿದ್ದುಂಟು.

ಹೊಳೆನರಸೀಪುರದಲ್ಲಿ ಬಸ್ಸು ನಿಲ್ಲುತ್ತದೆ. ಹೇಮಾವತಿಯ ಕಡೆಯಿಂದ ತಣ್ಣನೆ ಗಾಳಿ. ಇಂಚರಳ ಅತ್ತೆಯ ಮನೆಗೆ ಹೋಗುವ ದಾರಿ ರಾಜೀಮತಿಯ ಕೋಲಿಗೆ ಬಾಯಿಪಾಠ. ಕಲಿಸಲು ಹೋಗುವುದೇ ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಂಡು ಹೇಳುತ್ತಾರೆ: “ಇಲ್ಲ. ಈ ಮನೇಲಿ ನಂಗೇ ಪಾಠ.”

ಎಸ್ಸೆಸ್ಸೆಲ್ಸಿಗೇ ಓದು ನಿಂತಿತ್ತಂತೆ. ಬರುವ ಮಾರ್ಚಿನಲ್ಲಿ ಹೊರಗಿನಿಂದ ಪಿಯುಸಿ ಕಟ್ಟಬೇಕೆಂದು ಆಸೆ. ಇತಿಹಾಸ ಹೇಳಿಕೊಡುವವಳು ಇಂಚರ. ಓದಿದ್ದು ನಿಲ್ಲುತ್ತದೆಯೇ ಎಂದರೆ, “ಇಸವಿ ನಿಲ್ಲಲ್ಲ ಕಣ್ರೀ. ಒಂದ್ ರಾಜನ ಇಸವಿ ಇನ್ನೊಬ್ಬಂಗೆ ಹಾಕ್ಬಿಡ್ತೀನಿ” ಎಂದು ನಗುತ್ತಾರೆ.

“ಅವಳು ಭಾಳ ಜೋರು. ಒಂದ್ ತಪ್ಪು ಹೇಳಿದ್ರೆ ಮೊದ್ಲಿಂದ ಹೇಳಿ ಮಿಸ್ ಅಂತಾಳೆ. ಬೈತಾಳೆ. ಅವರತ್ತೆ, ದೊಡ್ಡೋರಿಗೆ ಹಾಗೆಲ್ಲ ಅನ್ನಬಾರದು ಅಂತಾರೆ. ನಾನೇ, ಬೈಯಲಿ ಬಿಡಿ ಅಂದೆ.” ಕೋಲಿನ ತುದಿ ಹೊಸ್ತಿಲಿಗೆ ತಾಗುತ್ತದೆ. ಒಳಗಿನಿಂದ ಹುಡುಗಿಯ ಹೆಜ್ಜೆ ಸದ್ದು ಬಾಗಿಲ ಕಡೆಗೆ ಬರುತ್ತಿದೆ. ರಾಜೀಮತಿ ದನಿ ತಗ್ಗಿಸುತ್ತಾರೆ. “ಓದಲಿಲ್ಲ ಅಂತ ಯಾರಾದ್ರೂ ನನ್ನ ಬೈಬೇಕು ಅಂತ ಎಷ್ಟು ವರ್ಷದಿಂದ ಆಸೆ ಇತ್ತು, ಗೊತ್ತಾ?”